ಪದ್ದು ಬಲಸುತ್ತು ಬಂದ ದೋಣಿ

ನನ್ನ ಮಗ ಸುಜನ್ ಸೀಮೆಸುಣ್ಣ ತಿಂದ ದಿನವೇ ಪದ್ದುವಿನ ದೋಣಿಯ ಲೆಕ್ಕ ಮೈನಸ್ ಬಂದದ್ದು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆ ಅಂತ ಕೇಳಿದರೆ ಈಗಲೂ ಹೇಳಲಾರೆ.

ಪದ್ದು ಅಂದರೆ ಪದ್ಮಾವತಿ, ಉಪ್ಪುಂದದ ಮುತ್ತಣ್ಣನ ಮಗಳು. ದೋಣಿ ಮುತ್ತಣ್ಣನದು. 1997ರಲ್ಲಿ ಅದು ಮೊದಲ ಸಲ ನೀರಿಗಿಳಿದಾಗ ಪದ್ದು ಇನ್ನೂ ಶಾಲೆಯ ಹುಡುಗಿ. ಮನೆಯ ಹೆಣ್ಣುಮಗು ಅಂತ ಅವಳ ಕೈಯಲ್ಲಿ ಆರತಿ ತಟ್ಟೆ ಕೊಟ್ಟು, ದೋಣಿಗೆ ಸುತ್ತು ಬಾ ಅಂದರಂತೆ. ಬಲಸುತ್ತಿಗೆ ಹೊರಡುವ ಕಡೆ ಅಲೆಯ ನೀರು ನಿಂತಿತ್ತು. ಹೊಸ ಲಂಗ ಹೆಜ್ಜೆಯಿಟ್ಟ ಕೂಡಲೇ ಒದ್ದೆಯಾಗುತ್ತದೆಂದು ಇವಳು ಎದುರು ದಿಕ್ಕಿಗೆ ಹೊರಟಳು. ಕೇರಿಯ ಹಿರಿಯೆ ಬಾಗಿ ಅಜ್ಜಿ ಇಡೀ ಕಡಲತೀರಕ್ಕೆ ಕೇಳುವಂತೆ ಕೂಗಿದರಂತೆ: "ಹ್ವಾಯ್ ಹೆಣೆ! ಎಡಸುತ್ತ್ ಹೋತ್ಯಾ? ಅಪ್ಪಯ್ಯ ದೋಣಿ ಹತ್ತೂಕ್ ಮುಂಚೆ ಅವ್ನ್ ಬೊಜ್ಜ ಮಾಡ್ತ್ಯಾ?"

ಬೊಜ್ಜ ಅಂದರೆ ಉತ್ತರಕ್ರಿಯೆ; ಎಡಸುತ್ತು ಬರುವುದು ಸತ್ತವರಿಗೆ. ಪದ್ದು ಲಂಗ ಎತ್ತಿಕೊಂಡು ನೀರಲ್ಲೇ ಬಲಸುತ್ತು ಬಂದಳು. ಈ ಕಥೆಯನ್ನು ಅವಳು ನನಗೆ ನಗುತ್ತಾ ಹೇಳಿದ್ದಳು, ನಾನೂ ನಕ್ಕು ಮರೆತಿದ್ದೆ.

ಆ ದೋಣಿಗೆ ಒಂದು ಹೆಸರಿತ್ತು, ಆದರೆ ಊರಿನವರಿಗೆ ಅದು 'ಮುತ್ತನ ದೋಣಿ' ಅಷ್ಟೆ. ದಡಕ್ಕೆ ಬಡಿಯುವ ಅಲೆಯನ್ನು ಅದು ಹತ್ತಿ ಇಳಿದ ಹಾಗೆ ಇನ್ನೊಂದು ಇಳಿಯುತ್ತಿರಲಿಲ್ಲ ಎನ್ನುತ್ತಾರೆ. ಆಮೇಲೆ ಮುತ್ತಣ್ಣನ ಸೊಂಟ ಕೈಕೊಟ್ಟಿತು. ದೋಣಿ ಮರಳ ಮೇಲೆ ತೆಂಗಿನ ಗರಿ ಹೊದ್ದು ಮಲಗಿತು. ಪಿಯುಸಿ ಮುಗಿಸಿದ ಪದ್ದು ಮೀನಿಗೆ ಐಸು ಹಾಕುವ ಶೆಡ್ಡಿಗೆ ಕೆಲಸಕ್ಕೆ ಹೋದಳು. ಐಸಿನಲ್ಲಿ ಅವಳ ಬೆರಳ ಸಂದಿ ಬಿರಿದು ಕೆಂಪಾಗಿತ್ತು. ಮುಂದೆ ಅವಳು ನಮ್ಮೂರಿಗೆ ಬಂದ ಹೊಸತರಲ್ಲಿ ನೋಡಿದಾಗ ಅದು ಅಂಟುರೋಗವಿರಬಹುದೆಂದು ಮಗುವನ್ನು ಆ ಕಡೆ ತಿರುಗಿಸಿಕೊಂಡಿದ್ದೆ. ದಿನವೂ ಐಸಿನ ಶೆಡ್ಡಿನ ಕೆಲಸ ಮುಗಿಸಿ ಬೈಂದೂರಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. 2011ರಲ್ಲಿ ತೆಕ್ಕಟ್ಟೆಯಲ್ಲಿ ನಮ್ಮ ಮನೆಯ ಹಿಂದೆಯೇ ಇರುವ ಫೈಬರ್ ದೋಣಿ ಮಾಡುವ ಶೆಡ್ಡಿಗೆ ಬಿಲ್ಲು ಟೈಪ್ ಮಾಡಲು ಬಂದಳು. ಫ್ಯಾನಿನ ಕೆಳಗೆ ಒಂದು ಕುರ್ಚಿ, ಒಂದು ಕಂಪ್ಯೂಟರು. "ಕೈ ಒಣಗಿತ್ತ್ ಅಕ್ಕ, ಕಾಣಿ," ಅಂತ ಒಂದು ದಿನ ಎರಡೂ ಅಂಗೈ ಚಾಚಿ ತೋರಿಸಿದಳು.

ಶೆಡ್ಡಿನ ಮಾಲೀಕರು ಗೋವರ್ಧನ. ಅವರಿಗೆ ಉಪ್ಪುಂದದ ಅಲೆಗೆ ಒಗ್ಗುವ ಫೈಬರ್ ದೋಣಿಯೊಂದನ್ನು ಮಾಡಬೇಕಿತ್ತು. ಮುತ್ತನ ದೋಣಿಯನ್ನು ಅಳೆದು, ಕಂಪ್ಯೂಟರಿನಲ್ಲಿ ಅದರ ಆಕಾರವನ್ನೇ ತೆಗೆದು ಅಚ್ಚಿಗೆ ಕೊಡುತ್ತೇನೆ ಅಂದವಳು ಪದ್ದು.

"ಅಳ್ತಿ ಸರಿ ಬಂತಾ, ಆ ಕುರ್ಚಿ ನಿಂದೇ," ಅಂದರು ಗೋವರ್ಧನ. "ಬರ್ಲಿಲ್ಯಾ, ಹೊರಗಿಂದ್ ರೆಡಿ ಮೋಲ್ಡ್ ತರಿಸ್ತೆ. ಬಿಲ್ಲ್ ನಾನೇ ಬರ್ಕಂತೆ, ನೀ ಐಸಿಗೇ ಹೋಪುದ್ ಮತ್ತೆ."

ಅವಳು ನನ್ನ ಬಳಿ ಬಂದಳು. ಮದುವೆಗೆ ಮುಂಚೆ ನಾನು ಮೈಸೂರಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ, ನನ್ನ ಲ್ಯಾಪ್‌ಟಾಪಿನಲ್ಲಿ ಲೆಕ್ಕದ ಸಾಫ್ಟ್‌ವೇರ್ ಇತ್ತು. ಮಗುವಿಗೆ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಅವನು ಮಲಗಿದರೆ ಉಸಿರಾಡುತ್ತಿದ್ದಾನೋ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡುವುದೇ ನನ್ನ ಕೆಲಸವಾಗಿತ್ತು. ಆದರೂ ಒಪ್ಪಿಕೊಂಡೆ. ಯಾರಾದರೂ ನನ್ನನ್ನು ಮಗುವಿನ ವಿಷಯ ಬಿಟ್ಟು ಬೇರೇನನ್ನಾದರೂ ಕೇಳಿ ತುಂಬಾ ದಿನವಾಗಿತ್ತು.

ಕಂಪ್ಯೂಟರಿಗೆ ದೋಣಿಯ ಬಾಗಿದ ಮೈ ಹಾಗೆಯೇ ಅರ್ಥವಾಗುವುದಿಲ್ಲ. ಮೈತುಂಬ ಚುಕ್ಕಿ ಇಟ್ಟು, ಪ್ರತಿ ಚುಕ್ಕಿಯ ಅಳತೆ ತೆಗೆದು, ಮೂರು ಮೂರು ಚುಕ್ಕಿ ಸೇರಿಸಿ ಸಣ್ಣ ತ್ರಿಕೋನ ಮಾಡಬೇಕು.

"ಬಲಿ ಹೊದ್ಸೂದ್ ಅಲ್ದಾ ಅಕ್ಕ?" ಅಂದಳು ಪದ್ದು, ಮೀನಿನ ಬಲೆಯನ್ನು ನೆನೆದು. "ಬಲಿ ಕಣ್ಣಿಗೆ ನಾಕ್ ಮೂಲಿ, ಇದಕ್ಕೆ ಮೂರ್. ಅಷ್ಟೇ ಅಲ್ದಾ?"

"ಅಷ್ಟೇ. ಆಮೇಲೆ ಪ್ರತಿ ಕಣ್ಣಿನ ಮೇಲೂ ಒಂದು ಬಾಣ ನೆಟ್ಟಗೆ ನಿಲ್ಲಬೇಕು, ಹಲಗೆಗೆ ಹೊಡೆದ ಮೊಳೆಯ ಹಾಗೆ. ಮೈ ಯಾವ ಕಡೆಗೆ ಮುಖ ಮಾಡಿದೆ, ನೀರು ಎಲ್ಲಿಂದ ಒತ್ತುತ್ತದೆ ಅಂತ ಗೊತ್ತಾಗುವುದು ಅದರಿಂದಲೇ. ಅದಕ್ಕೆ ನಾರ್ಮಲ್ ಅನ್ನುತ್ತಾರೆ."

"ನಾರ್ಮಲ್ಲಾ? ನಿಮ್ದ್ ಸಿಸೇರಿಯನ್ ಅಂದಿದ್ರಿ!"

ಊರಿಗೆ ಬಂದಾಗಿನಿಂದ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಅದು, ಪ್ರತಿ ಸಲವೂ ನನಗೆ ಚುಚ್ಚುತ್ತಿತ್ತು. ಅವತ್ತು ಮಾತ್ರ ಹೊಟ್ಟೆಯ ಹೊಲಿಗೆ ನೋಯುವಷ್ಟು ನಕ್ಕೆ.

ಪದ್ದು ಉಪ್ಪುಂದದಲ್ಲಿ ಹಗ್ಗ, ಟೇಪು, ಗಾರೆಯವರ ತೂಗುಗುಂಡು ಹಿಡಿದು ಅಳತೆ ತೆಗೆದಳು. ತ್ರಿಕೋನಗಳನ್ನೂ ದೋಣಿಯ ಮೈಮೇಲೆಯೇ ಸೀಮೆಸುಣ್ಣದಲ್ಲಿ ಎಳೆದು, ಯಾವ ಚುಕ್ಕಿ ಆದ ಮೇಲೆ ಯಾವುದು ಅಂತ ಬರೆದುಕೊಂಡಳು. ಅದು ಮುಗಿದ ಮೇಲೆ ಹುಳು ಹಿಡಿದ ಹಲಗೆಗಳನ್ನು ಕಳಚಿದರು. ಅಂದರೆ ಮತ್ತೊಮ್ಮೆ ಅಳೆಯಲು ದೋಣಿಯೇ ಇರಲಿಲ್ಲ.

ಅವಳು ಕೊಟ್ಟ ಅಂಕಿಗಳನ್ನು ಸಾಫ್ಟ್‌ವೇರಿಗೆ ಹಾಕಿ, ದೋಣಿಯೊಳಗೆ ಎಷ್ಟು ಜಾಗವಿದೆ, ಎಷ್ಟು ಭಾರ ಹೊರುತ್ತದೆ ಅಂತ ಕೇಳಿದಾಗ ಉತ್ತರದ ಹಿಂದೆ ಒಂದು ಗೀಟು. ಮೈನಸ್.

ಗೋವರ್ಧನ ನಮ್ಮ ಜಗಲಿಗೇ ಬಂದರು. "ಎಂತ ಮೇಡಂ, ಮೈನಸ್ ಬೋಟಾ? ಇದ್ ಮುಳ್ಗೂದಾ, ಅಲ್ಲ ಮೇಲೆ ಹಾರೂದಾ?" ನಗುತ್ತಲೇ ಅಂದರು, ಆದರೆ ಹೋಗುವಾಗ ಪದ್ದುವಿನ ಕಡೆ ತಿರುಗಿ ನಗಲಿಲ್ಲ. "ನಾಳೆ ಸಂಜಿ ಒಳಗೆ ಹೇಳಿ. ನಾ ಮೋಲ್ಡಿನವ್ರಿಗೆ ಫೋನ್ ಮಾಡ್ಕ್."

ಪದ್ದು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಾ ಕೂತಳು.

ನಾನು ಬಾಣಗಳ ಚಿತ್ರ ತೆಗೆದೆ. ಮುಳ್ಳುಹಂದಿಯ ಚರ್ಮವನ್ನು ಚೀಲದ ಹಾಗೆ ಒಳಮೈ ಹೊರಗೆ ಮಾಡಿದಂತಿತ್ತು. ಬಾಣಗಳು ದೋಣಿಯ ಒಳಗೆ ಚುಚ್ಚುತ್ತಿದ್ದವು. ಮೂರು ಚುಕ್ಕಿಯನ್ನು ಯಾವ ಸುತ್ತಿನಲ್ಲಿ ಹೇಳುತ್ತೇವೋ ಬಾಣದ ಮುಖ ಯಾವ ಕಡೆ ಅನ್ನುವುದು ಅದರಿಂದಲೇ ತೀರ್ಮಾನ. ಹೊರಗೆ ನಿಂತು ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿದರೆ ಬಾಣ ಹೊರಗೆ, ಮುಳ್ಳಿನ ದಾರಿಯಲ್ಲೇ ಸುತ್ತಿದರೆ ಒಳಗೆ. ಅದನ್ನು ಅವಳಿಗೆ ಹೇಳುವುದೇ ಬಿಟ್ಟುಹೋಗಿತ್ತೋ, ಹೇಳಿದ್ದು ಮಗುವಿನ ಅಳುವಿನಲ್ಲಿ ಕೇಳಿರಲಿಲ್ಲವೋ! ಎಲ್ಲ ಬಾಣವೂ ಒಳಗೇ ಇದ್ದರೆ ತೊಂದರೆಯಿಲ್ಲ, ಎಲ್ಲವನ್ನೂ ಒಮ್ಮೆಗೇ ತಿರುಗಿಸಿದರಾಯಿತು. ಕೆಲವು ಒಳಗೆ, ಕೆಲವು ಹೊರಗೆ ಆಗಿದ್ದರೆ ಒಂದರ ಲೆಕ್ಕವನ್ನು ಇನ್ನೊಂದು ತಿಂದಿರುತ್ತದೆ. ದೋಣಿಯ ಮೂತಿಯ ಹತ್ತಿರ ಗೆರೆಗಳು ಎಷ್ಟು ದಟ್ಟವಾಗಿದ್ದವೆಂದರೆ ಆ ಸಣ್ಣ ಪರದೆಯಲ್ಲಿ ಏನೂ ತಿಳಿಯಲಿಲ್ಲ.

ಒಂದು ಕೊಡಪಾನ ಬೋರಲು ಹಾಕಿ ಸೀಮೆಸುಣ್ಣ ಕೊಟ್ಟೆ. "ಪದ್ದು, ಇದೇ ದೋಣಿ ಅಂತ ತಿಳ್ಕೊ. ಅವತ್ತು ಹೇಗೆ ಮಾಡಿದೆಯೋ ಹಾಗೇ ಮಾಡಿ ತೋರಿಸು."

ಅವಳು ಮೂರು ಚುಕ್ಕಿ ಇಟ್ಟು ಸೀಮೆಸುಣ್ಣ ಕೆಳಗಿಟ್ಟಳು. ಬೆರಳು ಮೊದಲ ಚುಕ್ಕಿಯಿಂದ ಎರಡನೆಯದಕ್ಕೆ ಹೋಗುವಷ್ಟರಲ್ಲಿ ಸುಜನ್ ಸೀಮೆಸುಣ್ಣವನ್ನು ಬಾಯಿಗೆ ಹಾಕಿಕೊಂಡಿದ್ದ. ನಾನು ಕಿರುಚಿದೆ. ಡಾಕ್ಟರ ನಂಬರು ಹುಡುಕುವುದೋ, ನೀರು ಕುಡಿಸುವುದೋ, ಕುಡಿಸಬಾರದೋ! ಪದ್ದು ಅವನನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬಾಯಿಗೆ ಬೆರಳು ಹಾಕಿ ತುಂಡು ತೆಗೆದಳು. "ಎಂತ ಆತಿಲ್ಲೆ ಅಕ್ಕ. ಸುಣ್ಣ ಅಲ್ದಾ, ಹಲ್ಲ್ ಗಟ್ಟಿ ಬತ್ತ್." ಅವನನ್ನು ಹಾಗೇ ಸೊಂಟಕ್ಕೇರಿಸಿಕೊಂಡು ಬೆರಳನ್ನು ಮತ್ತೆ ಕೊಡಪಾನದ ಮೇಲಿಟ್ಟಳು.

ಬೆರಳು ಬಲಕ್ಕೆ ಸುತ್ತಿತು, ಗಡಿಯಾರದ ಮುಳ್ಳಿನ ದಾರಿಯಲ್ಲೇ.

"ಯಾಕೆ ಈ ಕಡೆಯಿಂದಲೇ?"

"ಮತ್ತೆ ಹ್ಯಾಂಗೆ? ಎಡಸುತ್ತ್ ಬಪ್ಪುದಾ?" ಅವಳು ನನ್ನನ್ನು ನೋಡಿದ ರೀತಿ, ಪಾಪ ಪೇಟೆಯವಳು, ಯಾರೂ ಹೇಳಿಕೊಟ್ಟಿಲ್ಲ ಅನ್ನುವ ಹಾಗಿತ್ತು. "ಅಪ್ಪಯ್ಯನ್ ದೋಣಿ ಅಲ್ದಾ ಅಕ್ಕ. ಅದ್ರ್ ಮೈ ಮೇಲೆ ಎಡಸುತ್ತ್ ಹಾಕೂಕಾಗ."

"ಒಂದರಲ್ಲೂ ಹಾಕಿಲ್ವಾ? ಸುಸ್ತಾದಾಗ, ಗಡಿಬಿಡಿಯಲ್ಲಿ..."

"ಒಂದ್ರಗೂ ಇಲ್ಲೆ. ಮೂತಿ ಹತ್ರ ಒಂದ್ ಕಡೆ ಕೈ ತಪ್ಪಿತ್, ಅಳ್ಸಿ ಮತ್ತೆ ಬರ್ದೆ. ಬಾಗಿ ಅಜ್ಜಿ ಬೊಬ್ಬಿ ಹಾಕಿದ್ದ್ ಕೆಮಿಗೆ ಕೇಂಡ್ ಹಾಂಗಾಯ್ತ್."

ನನಗೆ ಎದ್ದು ಅವಳನ್ನು ತಬ್ಬಿಕೊಳ್ಳಬೇಕೆನಿಸಿತು, ಆದರೆ ಮಗು ನಡುವೆ ಇದ್ದ. ಸಾಫ್ಟ್‌ವೇರಿನಲ್ಲಿ ಒಂದು ಸಾಲು ಬರೆದೆ: ಪ್ರತಿ ತ್ರಿಕೋನದ ಎರಡನೆಯ ಚುಕ್ಕಿಯನ್ನೂ ಮೂರನೆಯದನ್ನೂ ಅದಲು ಬದಲು ಮಾಡು. ಅಷ್ಟೇ. ಮುಳ್ಳುಹಂದಿ ಹೊರಮೈ ಹೊರಗೆ ಮಾಡಿಕೊಂಡು ನಿಂತಿತು. ಮೈನಸ್ ಹೋಯಿತು.

ಆದರೂ ನನಗೆ ಧೈರ್ಯವಿಲ್ಲ. ಗೀಟು ಹೋದ ಮಾತ್ರಕ್ಕೆ ಅಂಕಿ ಸರಿಯಾಯಿತೇ? ದೋಣಿಗೆ ಮೀನು ತುಂಬಿದಾಗ ನೀರು ಹೊರಮೈಯಲ್ಲಿ ಎಲ್ಲಿಗೆ ಬರಬೇಕು ಅಂತ ಲೆಕ್ಕ ಹಾಕಿದೆವು: ಎರಡನೇ ಹಲಗೆಯ ಅಂಚಿಗೆ. ಪದ್ದು ಅದನ್ನು ಬಾಯಿಬಿಡದೆ ಮರುದಿನ ಗೋವರ್ಧನರ ಎದುರೇ ಅಪ್ಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. "ಅಪ್ಪಯ್ಯ, ಬಂಗ್ಡಿ ಮೀನ್ ತುಂಬ್ಕಂಡ್ ಬಪ್ಪತಿಗೆ ನೀರ್ ಎಲ್ಲಿವರಿಗೆ ಬತ್ತಿತ್?"

ಆ ಕಡೆಯಿಂದ ಕೆಮ್ಮು. ಆಮೇಲೆ ಮುತ್ತಣ್ಣನ ದನಿ: "ಎರಡ್ನೇ ಹಲ್ಗಿವರಿಗೆ. ಅದ್ರ್ ಮೇಲೆ ಬಂದದ್ದ್ ನಾ ಕಾಣ್ಲಿಲ್ಲೆ. ಎಂತಕ್, ಯಾರ್ ಎಂತ ಅಂದ್ರ್ ನನ್ನ್ ದೋಣಿಗೆ?"

ಗೋವರ್ಧನ ಫೋನಿನ ಕಡೆ ಬಾಗಿದರು. "ಯಾರೂ ಎಂತದೂ ಅನ್ಲಿಲ್ಲೆ ಮುತ್ತಣ್ಣ. ಫೋನ್ ಇಡಿ, ಅವ್ಳಿಗೆ ಕೆಲ್ಸ ಇತ್ತ್."

ಮಳೆಗಾಲ ಕಳೆದು ಹೊಸ ದೋಣಿ ಉಪ್ಪುಂದದಲ್ಲಿ ನೀರಿಗಿಳಿಯಿತು. ಸುಜನನಿಗೆ ಟೊಪ್ಪಿ, ಸ್ವೆಟರು, ಎರಡು ಜೊತೆ ಬಟ್ಟೆ ಹೊತ್ತುಕೊಂಡು ನಾನೂ ಹೋಗಿದ್ದೆ. ಅಲೆಯ ಹನಿ ಅವನ ಕಿವಿಗೆ ಹೋಗುತ್ತದೆಂದು ದೂರವೇ ನಿಂತಿದ್ದೆ. ಪದ್ದು ಆರತಿ ಹಿಡಿದು ಬಂದು ಅವನನ್ನು ನನ್ನ ಕೈಯಿಂದ ಎತ್ತಿಕೊಂಡಳು. ಮೊಣಕಾಲುದ್ದದ ನೀರಿನಲ್ಲಿ ದೋಣಿಗೆ ಬಲಸುತ್ತು ಬಂದಳು. ಅವನು ನೆನೆದ, ಕೇಕೆ ಹಾಕಿದ, ಶೀತ ಕೂಡ ಆಗಲಿಲ್ಲ.

ಆ ಫ್ಯಾನಿನ ಕೆಳಗಿನ ಕುರ್ಚಿ ಈಗ ಅವಳದೇ. ಎಷ್ಟೋ ದೋಣಿಗಳ ಬಲೆಯನ್ನು ಅವಳು ಕಂಪ್ಯೂಟರಿನಲ್ಲಿ ನೇಯ್ದಿದ್ದಾಳೆ. ನಾನು ಒಮ್ಮೆ ಹೇಳಿ ನೋಡಿದೆ: ಮೊದಲೇ ಎಡಸುತ್ತಿನಲ್ಲಿ ಬರೆದುಬಿಟ್ಟರೆ ಆ ಅದಲುಬದಲು ಮಾಡುವ ಸಾಲೇ ಬೇಕಾಗುವುದಿಲ್ಲ.

"ಆ ಸಾಲ್ ಅಲ್ಲೇ ಇರ್ಲಿ ಅಕ್ಕ," ಅಂದಳು, ಪರದೆಯಿಂದ ಕಣ್ಣು ತೆಗೆಯದೆ. "ಅದ್ ಬೇಕಾರೆ ತಿರ್ಗ್ಲಿ. ನಾ ತಿರ್ಗೂದಿಲ್ಲೆ."