ನನ್ನ ಹಲಸಿನ ಮಣೆಗೆ ಕಾಲು ಬಂತು

ನೋಡ್ರಪ್ಪ, ಇವತ್ತು ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂರಲು ಹೋದರೆ ನನ್ನ ಹಲಸಿನ ಮಣೆಗೆ ನಾಲ್ಕು ಕಾಲು ಬಂದಿವೆ! ಮದುವೆಯಲ್ಲಿ ನಮ್ಮವ್ವ ಕೊಟ್ಟ ಮಣೆ ಅದು. ಕೂತು ಕೂತು ನಡುವೆ ನುಣ್ಣಗೆ ತಗ್ಗು ಬಿದ್ದಿದೆ. ಮನೆಯ ಸೋಫಾದಲ್ಲಿ ಕೂತರೂ ನನಗೆ ಆ ಸುಖವಿಲ್ಲ.

"ಯಾರ್ರೀ ಇದ್ಕೆ ಮೊಳೆ ಹೊಡ್ದೋರು?" ಎಂದು ಯಜಮಾನರನ್ನು ಕೇಳಿದೆ.

"ನಾನೇ ಕಣೆ, ಆಚಾರಿ ಕೈಲಿ ಮಾಡಿಸ್ದೆ. ದಿನಾ ಗೋಡೆ ಹಿಡ್ಕಂಡು 'ಅಯ್ಯೋ ಮಂಡಿ' ಅಂತ ಏಳ್ತೀಯಲ್ಲ."

"ನಮ್ ದೇವ್ರು ಮಾದಪ್ಪ ನೆಲದ್ ಮೇಲೆ ಗಿಡ್ಡ ಪೀಠದಲ್ಲವ್ನೆ. ನಾನು ಅವನ್ಗಿಂತ ಎತ್ರದಲ್ಲಿ ಕೂತ್ಕಳಾದಾ? ಬಿಚ್ಚಿಸ್ರಿ ಆ ಕಾಲ್ನ!"

"ಒಂದ್ಸಲ ಕೂತ್ ನೋಡು, ಆಮೇಲೆ ಬಯ್ಯಿವಂತೆ."

ಸಿಡುಕುತ್ತಲೇ ಕೂತೆ. ಮಂಗಳಾರತಿಗೆ ಎದ್ದ ಮೇಲೆ ಗೊತ್ತಾಯಿತು, ಗೋಡೆ ಹಿಡಿದೇ ಇರಲಿಲ್ಲ. ಅವರು ಬಾಗಿಲಲ್ಲಿ ನಿಂತು ನಗುತ್ತಿದ್ದರು.

"ಏನ್ ನಗ್ತೀರಿ? ನಾಳೆ ಆಚಾರಿ ಕರ್ಸಿ, ದೇವ್ರ ಪೀಠನೂ ಎತ್ರ ಮಾಡ್ಸಿ" ಎಂದೆ.

ಆಮೇಲೆ ಮಾದಪ್ಪನಿಗೆ ಕೈಮುಗಿದು, "ಇವತ್ತೊಂದಿನ ಸೈಸ್ಕಳಪ್ಪ, ಒಪ್ಗೆ ಇದ್ರೆ ಬಲಗಡೆ ಹೂ ಕೊಡು" ಎಂದು ಬೇಡಿಕೊಂಡೆ. ಮಾತು ಮುಗಿಯುವ ಮೊದಲೇ ಬಲಗಡೆಯ ಹೂ ಬಿತ್ತು. ಅವನೂ ನಮ್ಮ ಯಜಮಾನರ ಕಡೆಯೇ!