ಎಡಗಿವಿಯ ಉಣ್ಣೆ

ದೇವರ ಗೂಡಿನಲ್ಲಿ ಬತ್ತಿ ಹೊಸೆಯಲೆಂದು ಇಟ್ಟ ಹತ್ತಿಯಲ್ಲಿ ಒಂದು ಪಾಲು ನನ್ನ ಕಿವಿಗಳಿಗೂ ಸಲ್ಲುತ್ತದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಬಲ್ಲ, ದೇವರೂ ತಕರಾರು ತೆಗೆಯದ ಏರ್ಪಾಡು. ಹಿರಿಯೂರು ಕಡೆಯ ಬಯಲಿನಲ್ಲಿ ಮಾಗಿಯ ಗಾಳಿ ಬೀಸತೊಡಗಿತೆಂದರೆ, ನೀವು ನಂಬಿ, ಅದು ಮೊದಲು ಹುಡುಕಿಕೊಂಡು ಬರುವುದು ನನ್ನ ಕಿವಿಯನ್ನೇ. ಚಿಟಿಕೆ ಹತ್ತಿ ಹರಿದು, ಅಂಗೈಯಲ್ಲಿ ಉಂಡೆ ಮಾಡಿ, ಬಲಗಿವಿಗೆ ಇಟ್ಟುಕೊಳ್ಳುತ್ತೇನೆ. ಎಡಗಿವಿಯ ಸರದಿ ಬಂದಾಗ ಮಾತ್ರ ಕೈ ಸ್ವಲ್ಪ ತಡೆಯುತ್ತದೆ. ಯಾಕೆಂದು ಹೇಳಬೇಕಾದರೆ ಹಳೆಯ ಮಾತು ತೆಗೆಯಬೇಕು. ಪುರುಸೊತ್ತಿದ್ದರೆ ಕೂತುಕೊಳ್ಳಿ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮವರು ಆದಿವಾಲದ ಶಾಲೆಯಲ್ಲಿ ಮೇಷ್ಟರು. ನಾನು ಹಿರಿಯೂರಿನಲ್ಲಿ ಟೆಲಿಫೋನ್ ಆಪರೇಟರ್, ದಿನವೂ ಬಸ್ಸಿನಲ್ಲಿ ಹೋಗಿ ಬರುವವಳು. ತೆಂಗಿನಕಾಯಿ ಮಂಡಿಯ ಸಾಹುಕಾರರು ಬೊಂಬಾಯಿಗೆ ಟ್ರಂಕ್ ಕಾಲ್ ಹಾಕಿ, ತಂತಿಯ ಹಂಗೇ ಇಲ್ಲವೆನ್ನುವ ಹಾಗೆ ಕೂಗುತ್ತಿದ್ದ ಕಾಲ. ಎರಡನೆಯ ಹೆರಿಗೆಯಲ್ಲಿ ನಾನು ಸತ್ತು ಬದುಕಿದ್ದೆ. ಆ ಕೂಸು ಇನ್ನೂ ಮೊಲೆ ಬಿಡುವ ಮೊದಲೇ ಮತ್ತೆ ಬಸುರಾದೆ. ದುರ್ಗದ ಆಸ್ಪತ್ರೆಯ ಡಾಕ್ಟರಮ್ಮ ನನ್ನ ಕಣ್ಣರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ಇದನ್ನು ಹೊತ್ತರೆ ನಿನ್ನ ಜೀವಕ್ಕೇ ಕಷ್ಟ, ತೆಗೆಸಿಕೊಳ್ಳಲು ಈಗ ಕಾನೂನೂ ಒಪ್ಪುತ್ತದೆ, ಯೋಚಿಸಿ ನೀನೇ ಹೇಳು ಎಂದರು. ಯೋಚಿಸಿದೆ, ಹೂಂ ಅಂದೆ, ಗರ್ಭ ತೆಗೆಸಿಕೊಂಡು ಮನೆಗೆ ಬಂದೆ. ಅದು ತಪ್ಪೆಂದು ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಆದರೆ ಪಶ್ಚಾತ್ತಾಪವಿಲ್ಲದ ಮನೆಗೂ ಹಂಬಲ ಹೇಳದೆ ಕೇಳದೆ ಬಂದು ಕೂರುತ್ತದೆಂದು ನನಗೆ ಗೊತ್ತಿರಲಿಲ್ಲ.

ಆ ಹಂಬಲ, ಹುಟ್ಟದೆ ಹೋದ ಕೂಸಿನದು ಸ್ವಲ್ಪ, ಅವ್ವನದೇ ಹೆಚ್ಚು. ಮೊದಲ ಎರಡು ಬಾಣಂತನಗಳೂ ರಾಮಗಿರಿಯ ತವರಿನಲ್ಲೇ ಆಗಿದ್ದವು. ಅವ್ವ ಮೈಗೆಲ್ಲ ಎಣ್ಣೆ ತಿಕ್ಕಿ, ಹಂಡೆಯ ಕುದಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಾಕಿ, ಕೊನೆಗೆ ಗದ್ದ ಹಿಡಿದು ಮುಖ ತಿರುಗಿಸಿ ಎರಡೂ ಕಿವಿಗೆ ಹತ್ತಿ ತುರುಕಿ ತಲೆಗೆ ಬಟ್ಟೆ ಬಿಗಿಯುತ್ತಿದ್ದಳು. "ಬಾಣಂತಿ ಕಿವಿಗೆ ಗಾಳಿ ಹೊಕ್ಕರೆ ಸಾಯಾಗಂಟ ಬಿಡಂಗಿಲ್ಲ ಕಣೇ" ಎಂಬ ಹೆದರಿಕೆಯೂ ಆ ಹತ್ತಿಯ ಜೊತೆಗೇ ಒಳಹೋಗುತ್ತಿತ್ತು. ಈ ಸಲ ಅವ್ವನಿಗೆ ಹೇಳಿ ಕಳಿಸಲಿಲ್ಲ. ಏನೆಂದು ಹೇಳಿ ಕಳಿಸುವುದು? ಹೆತ್ತವಳಿಗೊಂದು ಶಾಸ್ತ್ರವಿದೆ, ಸತ್ತವರಿಗೊಂದು ಶಾಸ್ತ್ರವಿದೆ. ಹೆರದೆ ಹಗುರಾಗಿ ಬಂದವಳಿಗೆ ಏನು ಮಾಡಬೇಕೆಂದು ನಮ್ಮಲ್ಲಿ ಯಾರೂ ಹೇಳಿಟ್ಟಿರಲಿಲ್ಲ. ನಮ್ಮವರು ಪಾಪ, ಬಾವಿಯಿಂದ ನೀರು ಸೇದಿ ಕಾಯಿಸಿಕೊಟ್ಟು ಶಾಲೆಗೆ ಹೋದರು.

ಕೆಲಸಕ್ಕೆ ಮರಳುವ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನಾನೇ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡೆ, ತಲೆಗೆ ಬಟ್ಟೆ ಕಟ್ಟಿಕೊಂಡೆ. ಜ್ವರವೆಂದು ರಜೆ ಹಾಕಿದ್ದರಿಂದ ವೇಷ ನಡೆದೀತು ಎಂದುಕೊಂಡಿದ್ದೆ. ಜೊತೆಯ ಆಪರೇಟರ್ ಶಾರದಮ್ಮ, ನನಗಿಂತ ಹಿರಿಯಳು, ನೋಡಿದವಳೇ ನಕ್ಕಳು. "ಏನವ್ವಾ, ಜ್ವರ ಬಿಡ್ತಾ? ಕಿವಿಯಾಗೆ ಹತ್ತಿ ಇಟ್ಕಂಡು ಲೈನ್ ಹೆಂಗೆ ಕೇಳ್ತೀಯ? ತೆಗಿ, ತೆಗಿ."

ನಿಜವೇ. ಹತ್ತಿ ಇಟ್ಟ ಕಿವಿಗೂ ನಮ್ಮ ಕೆಲಸಕ್ಕೂ ಆಗಿಬರುವುದಿಲ್ಲ. ಹೆಡ್‌ಫೋನ್ ಕೂರುವ ಎಡಗಿವಿಯ ಹತ್ತಿಯನ್ನು ತೆಗೆದು ಬುಟ್ಟಿಗೆ ಹಾಕಿದೆ. ಆ ಬರಿಗಿವಿಗೆ ದಿನವೆಲ್ಲ ಕೊಬ್ಬರಿಯ ಧಾರಣೆ ಬಂತು, ಕೆಟ್ಟುನಿಂತ ಲಾರಿಯ ಸುದ್ದಿ ಬಂತು, ಹೊಸದುರ್ಗದಿಂದ ಒಬ್ಬ ತಾತ "ಮಗಳಿಗೆ ಹೆರಿಗೆ ಆತು, ಇಬ್ರೂ ಸಂದಾಗವ್ರೆ" ಎಂದು ಅಳುವ ಹಾಗೆ ನಕ್ಕಿದ್ದೂ ಬಂತು. ಟೈಮ್ ಆಯಿತು ಎಂದು ನಾನು ತಣ್ಣಗೆ ಹೇಳಿ ಲೈನ್ ಬಿಡಿಸಿದೆ. ಊರೂರನ್ನು ಜೋಡಿಸುವ ಬೋರ್ಡಿನ ಮುಂದೆ ಕೂತವಳಿಗೆ ರಾಮಗಿರಿಯ ಅವ್ವನ ಅಡುಗೆಮನೆಯನ್ನು ಮುಟ್ಟುವ ತಂತಿ ಮಾತ್ರ ಇರಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಸೊಂಟ ಹಿಡಿದುಕೊಂಡು ಕೂತಿದ್ದೆ. ಪಕ್ಕದಲ್ಲಿ ಕಂಬಳಿ ಹೊದ್ದ ಕುರಿಯವರ ಅಜ್ಜಿಯೊಬ್ಬಳು ಬಸ್ಸು ಬರುವ ತನಕ ಕೈ ಯಾಕೆ ಸುಮ್ಮನಿರಬೇಕೆಂದು ಕದಿರು ತಿರುಗಿಸುತ್ತ ಉಣ್ಣೆ ನೂಲುತ್ತಿದ್ದಳು. ನನ್ನ ತಲೆಬಟ್ಟೆಯನ್ನೂ ಕಿವಿಯನ್ನೂ ನೋಡಿ, ನಮ್ಮ ಕಡೆಯ ಯಾವ ಹೆಂಗಸಾದರೂ ಕೇಳುವುದನ್ನೇ ಕೇಳಿದಳು. "ಬಾಣಂತಿ ಏನವ್ವಾ? ಈ ಕಿವಿ ಬರೇ ಬಿಟ್ಟಿದೀಯಲ್ಲ, ಮನಿಯಾಗೆ ಹೇಳೋರು ಯಾರೂ ಇಲ್ಲೇನು? ಏನು ಕೂಸು?"

ಜ್ವರ ಎನ್ನುವ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದೇಕೋ ಬರಲಿಲ್ಲ. "ಕೂಸು ಇಲ್ಲಜ್ಜಿ. ಆಸ್ಪತ್ರೆಯಾಗೆ ತೆಗೆಸ್ಕಂಡು ಬಂದೆ" ಅಂದೆ.

ಕದಿರು ನಿಂತಿತು. ಎದ್ದು ದೂರ ಕೂರುತ್ತಾಳೆ ಎಂದುಕೊಂಡೆ. ಅಜ್ಜಿ ತನ್ನ ಉಣ್ಣೆಯಲ್ಲಿ ಒಂದು ಚೂರು ಹರಿದು, ಅಂಗೈಯಲ್ಲಿ ಉರುಟಿ, ನನ್ನ ಗದ್ದ ಹಿಡಿದು ಮುಖ ತಿರುಗಿಸಿ, ಎಡಗಿವಿಗೆ ತುರುಕಿದಳು.

"ಕೂಸಿಲ್ದಿದ್ರೆ ಏನಾತು? ಹೊತ್ತಿದ್ದ ಮೈ ಅಲ್ಲೇನು ಇದು? ಬಾಣಂತಿನೇ ನೀನು. ಮನಿಗೋಗಿ ಬಿಸಿನೀರು ಹುಯ್ಕ, ಮೆಣಸಿನ ಸಾರು ಉಣ್ಣು."

ಉಣ್ಣೆ ಚುಚ್ಚುತ್ತಿತ್ತು, ಕುರಿಯ ವಾಸನೆ ಹೊಡೆಯುತ್ತಿತ್ತು. ಆಸ್ಪತ್ರೆಯಲ್ಲಿ ಅಳದವಳು ಆ ಬಸ್‌ಸ್ಟ್ಯಾಂಡಿನಲ್ಲಿ, ಕಡಲೆಕಾಯಿ ಮಾರುವವರ ಮುಂದೆ, ಮರ್ಯಾದೆ ಬಿಟ್ಟು ಅತ್ತೆ. ಅಷ್ಟರಲ್ಲಿ ಬಸ್ಸು ಬಂತು. "ನಡಿ, ಹೋಗಾಣ" ಎಂದು ಅಜ್ಜಿ ಮುಂದೆ ನುಗ್ಗಿ, ಒಳಗಿದ್ದವರಿಗೆಲ್ಲ ಕೇಳುವಂತೆ ಕೂಗಿದಳು: "ಬಾಣಂತಿ ಅದಾಳೆ, ಜಾಗ ಬಿಡ್ರಿ!" ಜನ ಸರಿದು ಜಾಗ ಬಿಟ್ಟರು. ಕೂಸೆಲ್ಲಿ ಎಂದು ಯಾರೂ ಕೇಳಲಿಲ್ಲ.

ಆ ಅಜ್ಜಿಯನ್ನು ಮತ್ತೆ ಕಾಣಲಿಲ್ಲ. ಅವ್ವನೂ ಈಗಿಲ್ಲ; ಈ ಸಂಗತಿ ತಿಳಿಯದೆಯೇ ಹೋದಳು. ತಿಳಿದಿದ್ದರೆ ಅವಳೂ ಹಾಗೆಯೇ ಅನ್ನುತ್ತಿದ್ದಳೇ? ಅನ್ನುತ್ತಿದ್ದಳು ಎಂದೇ ನನಗೆ ಆಸೆ. ಅದಕ್ಕೇ ಈಗಲೂ ಮಾಗಿಯ ಬೆಳಿಗ್ಗೆ ಬಲಗಿವಿಗೆ ಹತ್ತಿ ಇಟ್ಟುಕೊಂಡ ಮೇಲೆ, ಗದ್ದ ಎತ್ತಿ, ಮುಖ ಒಂದಿಷ್ಟು ವಾರೆ ಮಾಡಿ, ಎಡಗಿವಿಯನ್ನು ಸ್ವಲ್ಪ ಹೊತ್ತು ಹಾಗೇ ಬಿಡುತ್ತೇನೆ. ಆಮೇಲೆ ನಾನೇ ಇಟ್ಟುಕೊಳ್ಳುತ್ತೇನೆ.