ಪೂರ್ತಿ ಹೆಸರಿಗೆ ಜಾಗ

ಇನ್ನೂ ಬೆಳಕು ಹರಿದಿಲ್ಲ. ಕಣ್ಣಾಸ್ಪತ್ರೆಯ ಕಾಯುವ ಕೋಣೆಯ ಮೂಲೆಯಲ್ಲಿ ತೊಡೆಯ ಮೇಲೆ ಕೀಬೋರ್ಡ್ ಇಟ್ಟುಕೊಂಡು ಬೋರ್ಡಕ್ಕ ಕುಳಿತಿದ್ದಾರೆ. ರೋಗಿಗಳನ್ನು ಹೆಸರು ಹಿಡಿದು ಕರೆಯುವ ಗೋಡೆಯ ಪರದೆಗೆ ಪ್ರೋಗ್ರಾಂ ಬರೆಯುವವರು ಇವರೇ. ಅವರ ಸ್ವಂತ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತದೆ.

"ಕಾಲೆತ್ತಕ್ಕ," ಎನ್ನುತ್ತಾಳೆ ನೆಲ ಒರೆಸುವಾಕೆ. "ಇವತ್ತು ಆ ಉದ್ದ ಹೆಸರಿನ ಅಜ್ಜಿ ಬರ್ತಾರೆ. ಪರದೆ ಮತ್ತೆ ಮಲಗುತ್ತೆ, ನೋಡ್ತಿರಿ."

"ಮಲಗಿದ್ರೆ ಎಬ್ಬಿಸ್ತೀನಿ. ನೀನು ಆ ಮೂಲೆ ಬಿಟ್ಟಿದ್ದೀಯ, ಒರೆಸು."

ಹಳೆಯ ಪ್ರೋಗ್ರಾಂ ಎಲ್ಲ ಹೆಸರಿಗೂ ಒಂದೇ ಅಳತೆಯ ಗೂಡು ಕೊಡುತ್ತಿತ್ತು. ಉದ್ದದ ಹೆಸರಿನ ಬಾಲ ಕತ್ತರಿಸಿಹೋಗುತ್ತಿತ್ತು. ಒಮ್ಮೆ ಹೆಸರಿನ ಮೊದಲರ್ಧ ಒಂದೇ ಆದ ಇಬ್ಬರು ಒಟ್ಟಿಗೆ ಎದ್ದು, ಶಸ್ತ್ರಚಿಕಿತ್ಸೆಗೆ ಬಂದವನ ಮದ್ದು ಕನ್ನಡಕ ಬದಲಿಸಲು ಬಂದವನ ಕಣ್ಣಿಗೆ ಬಿತ್ತು. ಕಣ್ಣು ಮಂಜಾಗಿ ಆತ ಸಂಜೆಯವರೆಗೂ ಹೆಂಡತಿಯ ಕೈ ಹಿಡಿದು ನಡೆದ. ಮದುವೆಯಾದ ಮೇಲೆ ಅದೇ ಮೊದಲ ಸಲವಂತೆ. ಎಲ್ಲರೂ ನಕ್ಕರು, ಬೋರ್ಡಕ್ಕ ನಗಲಿಲ್ಲ.

ಸಿ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಹೊಸದಾಗಿ ಬರೆದರು. ದಿನದ ರೋಗಿಗಳೆಷ್ಟೋ ಅಷ್ಟು ಉದ್ದದ ಸಾಲನ್ನು ಮೊದಲು ಕಂಪ್ಯೂಟರಿನ ಮೆಮೊರಿಯಿಂದ ಕೇಳಿ ಪಡೆಯಬೇಕು. ಆ ಸಾಲಿನಲ್ಲಿರುವುದು ಹೆಸರುಗಳಲ್ಲ, ಅವು ಮೆಮೊರಿಯಲ್ಲಿ ಎಲ್ಲಿವೆ ಎಂದು ಹೇಳುವ ವಿಳಾಸಗಳು. ಆಮೇಲೆ ಒಂದೊಂದು ಹೆಸರಿಗೂ ಅದರ ಉದ್ದಕ್ಕೆ ತಕ್ಕ ಜಾಗ ಕೇಳಿ, ಆ ಜಾಗದ ವಿಳಾಸವನ್ನು ಸಾಲಿನಲ್ಲಿ ಇಡಬೇಕು. ಕೆಲಸ ಮುಗಿದು ಜಾಗ ಹಿಂದಿರುಗಿಸುವಾಗ ಮೊದಲು ಹೆಸರುಗಳ ಜಾಗ, ಕೊನೆಗೆ ಸಾಲು. "ಸಾಲನ್ನೇ ಮೊದಲು ಬಿಟ್ಟುಕೊಟ್ರೆ, ಹೆಸರು ಎಲ್ಲೆಲ್ಲಿವೆ ಅಂತ ಯಾರನ್ನ ಕೇಳೋದು?" ಎನ್ನುತ್ತಾರೆ ಬೋರ್ಡಕ್ಕ.

ಎಲ್ಲ ಸರಿಯಿತ್ತು, ಒಬ್ಬ ಅಜ್ಜಿಯನ್ನು ಬಿಟ್ಟು. ಊರು, ಮನೆತನ, ಅಪ್ಪ, ಗಂಡ ಎಲ್ಲ ಸೇರಿದ ಅವರ ಹೆಸರು ಪಟ್ಟಿಗೆ ಬಂದ ದಿನ ಪರದೆ ಕಪ್ಪಾಗುತ್ತದೆ. ಇನ್ನೊಮ್ಮೆ ಹಾಗಾದರೆ ಹಳೆಯ ಪ್ರೋಗ್ರಾಮೇ ಗತಿ ಎಂದು ಮೇಲ್ವಿಚಾರಕರು ಹೇಳಿಯಾಗಿದೆ.

"ಅಜ್ಜಿ ಹೆಸರು ಸ್ವಲ್ಪ ಮೊಟಕು ಮಾಡಿ ಮೇಡಂ, ಪೀಡೆ ಕಳೀತು," ಎಂಬುದು ನೋಂದಣಿ ಗುಮಾಸ್ತನ ಸಲಹೆ.

"ತಪ್ಪು ನನ್ನದು, ಕತ್ತರಿ ಅವರ ಹೆಸರಿಗಾ?"

ಇಂದು ಆ ತಪ್ಪು ಸಿಗುತ್ತದೆ. ಹೆಸರು ಇಲ್ಲಿಗೆ ಮುಗಿಯಿತು ಎನ್ನಲು ಕೊನೆಯಲ್ಲೊಂದು ಸೊನ್ನೆ ಇಡಬೇಕು. ಅದಕ್ಕೆ ಜಾಗ ಕೇಳುವುದನ್ನೇ ಮರೆತಿದ್ದಾರೆ. ಮೆಮೊರಿ ಕೇಳಿದ್ದರ ಮೇಲೆ ಸಾಮಾನ್ಯವಾಗಿ ಕೊಸರು ಹಾಕಿಯೇ ಕೊಡುತ್ತದೆ. ಉಳಿದವರ ಸೊನ್ನೆ ಆ ಕೊಸರಿನಲ್ಲಿ ನಡೆದುಹೋಗಿತ್ತು. ಅಜ್ಜಿಯ ಹೆಸರು ಮಾತ್ರ ಕೊಸರೂ ಉಳಿಯದಂತೆ ಅಂಚಿನವರೆಗೆ ತುಂಬಿ, ಸೊನ್ನೆ ಪಕ್ಕದ ಜಾಗದ ಮೇಲೆ ಬಿದ್ದು ಎಲ್ಲ ಕೆಡಿಸುತ್ತಿತ್ತು. ಬೋರ್ಡಕ್ಕ ಉದ್ದಕ್ಕೆ ಒಂದು ಕೂಡಿಸುತ್ತಾರೆ.

ಬಾಗಿಲು ತೆರೆದಾಗ ಅಜ್ಜಿ ಮೊಮ್ಮಗಳ ತೋಳು ಹಿಡಿದು ಬರುತ್ತಾರೆ. ಸರದಿ ಬಂದಾಗ ಹೆಸರು ಪರದೆಯ ಈ ತುದಿಯಿಂದ ಆ ತುದಿಯವರೆಗೆ ಮೂಡುತ್ತದೆ. ಪರದೆ ಕಪ್ಪಾಗಲಿ ಎಂದು ಗುಮಾಸ್ತ ಕಾಯುತ್ತಾನೆ. ಆಗುವುದಿಲ್ಲ.

"ಪೂರ್ತಿ ಇದೆಯೇನೇ?" ಪೊರೆ ಬಂದ ಕಣ್ಣು ಕಿರಿದು ಮಾಡಿ ಅಜ್ಜಿ ಮೊಮ್ಮಗಳನ್ನು ಕೇಳುತ್ತಾರೆ.

"ಇದೆ ಅಜ್ಜಿ. ನಿಮ್ಮಪ್ಪನೂ ಇದ್ದಾರೆ."

"ಹಾಗಾದ್ರೆ ನಡಿ."

ಪರದೆ ಮಲಗಲಿಲ್ಲವಲ್ಲ, ಇನ್ನೇನು ಆಸೆ ಎಂದು ನೆಲ ಒರೆಸುವಾಕೆ ಕೇಳಿದರೆ ಬೋರ್ಡಕ್ಕ ಶಸ್ತ್ರಚಿಕಿತ್ಸೆಯ ಕೋಣೆಯತ್ತ ನೋಡುತ್ತಾರೆ. "ಪೊರೆ ತೆಗೆದ ಮೇಲೆ ತೋರಿಸೋಕೆ ಇನ್ನೊಂದ್ಸಲ ಬರ್ತಾರಲ್ಲ, ಆಗ ತಮ್ಮ ಹೆಸರನ್ನ ಅವರೇ ಓದ್ಕೊಳ್ಳಲಿ."